ಒಂದು ಹಲ್ಲು ತಪ್ಪಿದರೆ ಗಾಡಿ ಘಟ್ಟ ಹತ್ತುವುದಿಲ್ಲ

"ಎಂಜಿನ್ ಕೆಲಸ ಪೂರ್ತಿ ಮಾಡಿಸಿದೆ, ದುಡ್ಡೂ ಕೊಟ್ಟೆ. ಆದರೆ ಮೊದಲಿನ ಪಿಕಪ್ ಇಲ್ಲ ಮಾರಾಯ್ರೆ" - ಹಳೆಯ ಗಾಡಿ ಇಟ್ಟುಕೊಂಡ ಮನೆಗಳಲ್ಲಿ ಈ ಮಾತು ಹೊಸತಲ್ಲ. ಘಟ್ಟದ ಮೇಲೆ ಹಾವೇರಿ ಕಡೆ ಹೋದರೆ ಇದೇ ಮಾತು "ಗಾಡಿ ಎಳೀವಲ್ದ್ರಿ" ಎಂದಾಗುತ್ತದೆ. ಪಿಸ್ಟನ್ ಹೊಸತು, ರಿಂಗ್ ಹೊಸತು, ಬೇರಿಂಗ್ ಹೊಸತು. ಆದರೂ ಗಾಡಿಗೆ ಜೀವ ಇಲ್ಲ. ಇಂಥ ಸಂದರ್ಭದಲ್ಲಿ ಕಾರಣ ಹಲವು ಇರಬಹುದು. ಆದರೆ ಮೊದಲು ನೋಡಬೇಕಾದದ್ದು, ಬಹಳ ಸಲ ಕೊನೆಗೆ ನೋಡುವುದು, ಕ್ಯಾಮ್‌ಶಾಫ್ಟ್ ಟೈಮಿಂಗ್.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಇದು ಬರೀ ಗ್ಯಾರೇಜಿನ ವಿಷಯ ಅಲ್ಲ, ಹೊಟ್ಟೆಪಾಡಿನ ವಿಷಯ. ಸವಣೂರಿನ ವೀಳ್ಯದೆಲೆ ಒಂದು ದಿನ ತಡವಾದರೆ ಬಾಡಿ ಹೋಗುತ್ತದೆ. ಹಾನಗಲ್‌ನ ಮಾವು ಹಣ್ಣಾಗಲು ಶುರುವಾದ ಮೇಲೆ ಯಾರಿಗಾಗಿಯೂ ಕಾಯುವುದಿಲ್ಲ. ಹಿರೇಕೆರೂರಿನ ಗೋವಿನಜೋಳ ರಾಣೆಬೆನ್ನೂರಿಗೋ ಹಾವೇರಿಗೋ ಹೋಗಬೇಕು. ಶಿಗ್ಗಾವಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇರುವ ಊರು; ಬೆಂಗಳೂರು-ಪುಣೆ ದಾರಿಯ ಗಾಡಿಗಳೆಲ್ಲ ಅದನ್ನು ದಾಟಿಯೇ ಹೋಗಬೇಕು. ನಮ್ಮ ಕರಾವಳಿಯಿಂದ ಹೊರಟ ಗಾಡಿ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿ ಮೇಲೆ ಹಾನಗಲ್ ಸೇರುವುದೂ ಉಂಟು. ಆ ಘಟ್ಟದಲ್ಲೇ ಟೈಮಿಂಗಿನ ನಿಜವಾದ ಪರೀಕ್ಷೆ. ಸಪಾಟು ರಸ್ತೆಯಲ್ಲಿ ಅಡಗಿ ಕುಳಿತ ತಪ್ಪು ಏರು ಬಂದಾಗ ಎದ್ದು ಕಾಣುತ್ತದೆ.

ಎರಡು ಶಾಫ್ಟ್, ಒಂದೇ ಲೆಕ್ಕ

ಫೋರ್ ಸ್ಟ್ರೋಕ್ ಎಂಜಿನ್‌ನ ಕೆಲಸ ನಾಲ್ಕೇ ಹೆಜ್ಜೆ. ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರಗೆ ದೂಡುವುದು. ಈ ನಾಲ್ಕು ಹೆಜ್ಜೆ ಮುಗಿಯಲು ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋಗಬೇಕು. ಅಂದರೆ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಗಾಳಿಯ ವಾಲ್ವ್ ಒಂದು ಸಲ, ಹೊಗೆಯ ವಾಲ್ವ್ ಒಂದು ಸಲ ತೆರೆದರೆ ಸಾಕು. ಆ ವಾಲ್ವ್‌ಗಳನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟಿನ ಮೊಟ್ಟೆಯಾಕಾರದ ಉಬ್ಬುಗಳು. ಹಾಗಾಗಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು. ಕ್ಯಾಮ್ ಚಕ್ರಕ್ಕೆ ಕ್ರ್ಯಾಂಕ್ ಚಕ್ರದ ಎರಡರಷ್ಟು ಹಲ್ಲು ಇರುವುದು ಇದೇ ಕಾರಣಕ್ಕೆ.

ವೇಗದ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಅದೂ ಪಿಸ್ಟನ್ ಎಲ್ಲಿದೆ ಎಂಬುದನ್ನು ಸರಿಯಾಗಿ ನೋಡಿಕೊಂಡು. ಈ ಹೊಂದಾಣಿಕೆಯ ಹೆಸರೇ ಟೈಮಿಂಗ್.

ಪುಸ್ತಕದ ಪ್ರಕಾರ ಪಿಸ್ಟನ್ ಮೇಲಿನ ತುದಿಗೆ ಬಂದಾಗ, ಅಂದರೆ ಮಿಸ್ತ್ರಿಗಳು ಹೇಳುವ ಟಿಡಿಸಿಯಲ್ಲಿ, ಗಾಳಿಯ ವಾಲ್ವ್ ತೆರೆಯಬೇಕು. ನಿಜದಲ್ಲಿ ಅದು ಸ್ವಲ್ಪ ಮೊದಲೇ ತೆರೆಯುತ್ತದೆ. ಮುಚ್ಚುವುದು ಪಿಸ್ಟನ್ ಕೆಳತುದಿ ಮುಟ್ಟಿ ಮತ್ತೆ ಮೇಲೆ ಹೊರಟ ಮೇಲೆ. ವೇಗವಾಗಿ ನುಗ್ಗುವ ಗಾಳಿಗೆ ತನ್ನದೇ ಓಟ ಇರುವುದರಿಂದ ಅದನ್ನು ಕೊನೆಯವರೆಗೂ ಬಳಸಿಕೊಳ್ಳಲು ಹೀಗೆ ಮಾಡಿರುತ್ತಾರೆ. ಎಷ್ಟು ಡಿಗ್ರಿ ಮೊದಲು, ಎಷ್ಟು ಡಿಗ್ರಿ ನಂತರ ಎಂಬುದು ಒಂದೊಂದು ಎಂಜಿನ್‌ಗೆ ಒಂದೊಂದು. ಅದನ್ನು ಕಂಪನಿ ಲೆಕ್ಕ ಹಾಕಿ ಗುರುತು ಕೊಟ್ಟಿರುತ್ತದೆ. ಮಿಸ್ತ್ರಿಯ ಕೆಲಸ ಆ ಗುರುತಿಗೆ ಮೋಸ ಮಾಡದೆ ಇರುವುದು.

ಒಂದು ಹಲ್ಲು ಅಂದರೆ ಎಷ್ಟು?

"ಒಂದು ಹಲ್ಲು ಆಚೀಚೆ ಆದರೆ ಏನಾಗ್ತದೆ ಬಿಡಿ" ಎಂದು ಹೇಳುವವರು ಇದ್ದಾರೆ. ಲೆಕ್ಕ ನೋಡಿ. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲು, ಕ್ಯಾಮ್ ಚಕ್ರಕ್ಕೆ 40 ಹಲ್ಲು ಇದೆ ಎಂದಿಟ್ಟುಕೊಳ್ಳಿ. 360ನ್ನು 40ರಿಂದ ಭಾಗಿಸಿದರೆ 9. ಒಂದು ಹಲ್ಲು ತಪ್ಪಿದರೆ ಕ್ಯಾಮ್ 9 ಡಿಗ್ರಿ ತಪ್ಪಿತು. ಪಿಸ್ಟನ್ ಕಡೆಯಿಂದ, ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ, ಅದು 18 ಡಿಗ್ರಿ. ಟೈಮಿಂಗಿನಲ್ಲಿ ಎರಡು-ಮೂರು ಡಿಗ್ರಿಗೇ ತಲೆ ಕೆಡಿಸಿಕೊಳ್ಳುವಾಗ 18 ಡಿಗ್ರಿ ಸಣ್ಣ ಸಂಗತಿಯಾ?

ಕ್ಯಾಮ್ ಹಿಂದೆ ಬಿದ್ದರೆ, ಅಂದರೆ ತಡವಾದರೆ, ಗಾಳಿಯ ವಾಲ್ವ್ ಮುಚ್ಚುವುದೂ ತಡ. ಎಂಜಿನ್ ನಿಧಾನ ಓಡುವಾಗ ಪಿಸ್ಟನ್ ಮೇಲೆ ಬರುತ್ತಾ ಒಳಗೆ ಬಂದ ಗಾಳಿಯನ್ನು ವಾಪಸ್ ಹೊರಗೆ ತಳ್ಳುತ್ತದೆ. ಕಂಪ್ರೆಷನ್ ಕಡಿಮೆ ಆಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಮೊದಲ-ಎರಡನೆಯ ಗೇರಿನಲ್ಲಿ ಎಳೆಯುವುದಿಲ್ಲ. ಘಟ್ಟದಲ್ಲಿ ಬೇಕಾದದ್ದು ಇದೇ ಕೆಳಗಿನ ಎಳೆತ. ಕ್ಯಾಮ್ ಮುಂದೆ ಬಿದ್ದರೆ ಬೇರೆ ಕತೆ. ಕೆಳಗೆ ಚೆನ್ನಾಗಿ ಎಳೆದ ಹಾಗೆ ಕಾಣಬಹುದು, ಆದರೆ ಹೈವೇಯಲ್ಲಿ ವೇಗ ಹೆಚ್ಚಿಸಿದಾಗ ಉಸಿರು ಕಟ್ಟುತ್ತದೆ.

ಕ್ಯಾಮ್‌ನಿಂದಲೇ ಡಿಸ್ಟ್ರಿಬ್ಯೂಟರ್ ತಿರುಗುವ ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆ. ಕ್ಯಾಮ್ ತಪ್ಪಿದರೆ ಕರೆಂಟ್ ಹೊಡೆಯುವ ಸಮಯವೂ ತಪ್ಪುತ್ತದೆ. ಮಿಸ್ತ್ರಿ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕರೆಂಟನ್ನು ಸರಿ ಮಾಡುತ್ತಾನೆ, ಗಾಡಿ ಸ್ಟಾರ್ಟ್ ಆಗುತ್ತದೆ, ಮೂಲ ತಪ್ಪು ಒಳಗೇ ಉಳಿಯುತ್ತದೆ. ಪೆಟ್ರೋಲ್ ಕುಡಿಯುತ್ತಾ ವರ್ಷಗಟ್ಟಲೆ ಓಡುವ ಗಾಡಿಗಳು ಹೀಗೆ ಹುಟ್ಟುತ್ತವೆ.

ಎರಡು-ಮೂರು ಹಲ್ಲು ತಪ್ಪಿದರೆ ಮಾತು ಪಿಕಪ್ಪಿನದ್ದಲ್ಲ. ತೆರೆದ ವಾಲ್ವಿನ ತಲೆಗೆ ಪಿಸ್ಟನ್ ಬಂದು ಹೊಡೆಯಬಹುದು. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ ಬೇಕಾದ್ದರಿಂದ ಪಿಸ್ಟನ್ ಮತ್ತು ಹೆಡ್ಡಿನ ನಡುವೆ ಜಾಗ ತೀರಾ ಕಡಿಮೆ. ವಾಲ್ವ್ ಬಗ್ಗಿದರೆ ಹೆಡ್ ಮತ್ತೆ ಬಿಚ್ಚಬೇಕು, ಮಾಡಿದ ಖರ್ಚೆಲ್ಲ ಮತ್ತೊಮ್ಮೆ.

ಗೇರ್, ಚೈನ್, ಬೆಲ್ಟ್

ಕ್ರ್ಯಾಂಕ್‌ನಿಂದ ಕ್ಯಾಮಿಗೆ ತಿರುಗು ಮುಟ್ಟಿಸುವ ದಾರಿ ಮೂರು. ಹೊಲದ ಪಂಪ್‌ಸೆಟ್ ಡೀಸೆಲ್ ಎಂಜಿನ್, ಟಾಟಾ 407ರಂಥ ಹಳೆಯ ಪುಶ್‌ರಾಡ್ ಗಾಡಿಗಳಲ್ಲಿ ಗೇರಿಗೆ ಗೇರೇ ಕಚ್ಚಿರುತ್ತದೆ. ಒಮ್ಮೆ ಗುರುತಿಗೆ ಗುರುತು ಕೂಡಿಸಿದರೆ ಅದು ಜಾರುವುದಿಲ್ಲ. ತಪ್ಪು ಆಗುವುದಿದ್ದರೆ ಕೂಡಿಸುವ ಹೊತ್ತಿನಲ್ಲೇ ಆಗಬೇಕು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಚೈನಿನ ಗಾಡಿಗಳು. ಅಂಬಾಸಡರಿನ 1489 ಸಿಸಿ ಎಂಜಿನ್‌ನಲ್ಲಿ ಎರಡು ಚಕ್ರದ ಚುಕ್ಕೆಗಳು ಮುಖಾಮುಖಿ ಆಗುವಂತೆ ಚೈನ್ ಹಾಕುವುದು ಆ ಕಾಲದ ಎಲ್ಲ ಮಿಸ್ತ್ರಿಗಳಿಗೂ ಕಂಠಪಾಠ. ಆ ಎರಡೂ ಗಾಡಿಗಳಲ್ಲಿ ಕ್ಯಾಮ್ ಇರುವುದು ಬ್ಲಾಕಿನೊಳಗೆ, ಹೆಡ್ಡಿನಲ್ಲಲ್ಲ.

1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಆಟ ಬದಲಾಯಿತು. 796 ಸಿಸಿ, ಮೂರು ಸಿಲಿಂಡರ್, ಕ್ಯಾಮ್ ಹೆಡ್ಡಿನ ಮೇಲೆ, ನಡುವೆ ರಬ್ಬರಿನ ಹಲ್ಲಿನ ಬೆಲ್ಟ್. ಓಮ್ನಿಗೂ ಇದೇ ಎಂಜಿನ್. 2014ರ ಜನವರಿಯಲ್ಲಿ ಮಾರುತಿ 800 ತಯಾರಿ ನಿಂತರೂ ಗಾಡಿಗಳು ನಿಂತಿಲ್ಲ. ತಾಲೂಕು ಊರುಗಳಲ್ಲಿ ಗ್ಯಾರೇಜಿನ ಹುಡುಗ ಮೊದಲು ಕೈ ಹಾಕುವ ಎಂಜಿನ್ ಇವತ್ತಿಗೂ ಹೆಚ್ಚಾಗಿ ಇದೇ.

ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ರಸ್ತೆಗೆ ಇಳಿದ ಟೊಯೊಟಾ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ, ಎರಡರ ಡೀಸೆಲ್ ಎಂಜಿನ್‌ಗೂ ಬೆಲ್ಟೇ. ಟ್ಯಾಕ್ಸಿ ಓಡಿಸುವವರಿಗೆ ಇವು ಚಿರಪರಿಚಿತ. ಕೆಲವು ಬೆಲ್ಟ್ ಡೀಸೆಲ್‌ಗಳಲ್ಲಿ ಡೀಸೆಲ್ ಪಂಪ್ ಕೂಡ ಅದೇ ಬೆಲ್ಟಿನಲ್ಲಿ ತಿರುಗುತ್ತದೆ. ಅಂಥವುಗಳಲ್ಲಿ ಕ್ರ್ಯಾಂಕ್, ಕ್ಯಾಮ್, ಪಂಪ್ ಎಂದು ಮೂರು ಗುರುತು ನೋಡಬೇಕು. ಎರಡು ಕೂಡಿತು ಎಂದು ಮೂರನೆಯದನ್ನು ಬಿಟ್ಟರೆ ಹಳೆಯ ಪಂಪಿನ ಗಾಡಿಯಲ್ಲಿ ಕಪ್ಪು ಹೊಗೆಯೋ ಬಿಳಿ ಹೊಗೆಯೋ ಗ್ಯಾರಂಟಿ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಡೀಸೆಲ್‌ನಲ್ಲಿ ಮತ್ತೆ ಚೈನ್.

ಸ್ವಿಫ್ಟ್, ಡಿಜೈರ್ ಡೀಸೆಲ್‌ನ 1248 ಸಿಸಿ ಎಂಜಿನ್ ಚೈನಿನದ್ದು, ಫಿಯೆಟ್ ಮೂಲದ್ದು. ಇದರಲ್ಲಿ ಕಣ್ಣಳತೆ ನಡೆಯುವುದಿಲ್ಲ. ಕ್ಯಾಮ್‌ಗಳಿಗೆ ಲಾಕ್ ಪಿನ್ ಹಾಕಿ, ಕ್ರ್ಯಾಂಕನ್ನೂ ಲಾಕ್ ಮಾಡಿ ಟೈಮಿಂಗ್ ಸೆಟ್ ಮಾಡಬೇಕು. ಆ ಪಿನ್ ಸೆಟ್ ಇಲ್ಲದ ಗ್ಯಾರೇಜಿನಲ್ಲಿ "ಪೇಂಟ್ ಹಾಕಿ ಗುರುತು ಮಾಡಿದ್ದೇನೆ" ಎಂದರೆ ಒಪ್ಪಬೇಡಿ. ಹಳೆಯ ಚೈನ್ ಹಿಗ್ಗಿದ್ದರೆ ಬಿಚ್ಚುವ ಮೊದಲು ಹಾಕಿದ ಗುರುತೇ ತಪ್ಪು ಗುರುತು.

ಕೂಡಿಸುವ ಕ್ರಮ

ಹೊಸದಾಗಿ ಕೆಲಸ ಕಲಿಯುವವರು ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಮೊದಲು ಎಲ್ಲ ಪ್ಲಗ್ ಅಥವಾ ಗ್ಲೋ ಪ್ಲಗ್ ತೆಗೆಯಿರಿ. ಎಂಜಿನ್ ಕೈಯಲ್ಲಿ ಹಗುರಾಗಿ ತಿರುಗಬೇಕು, ಅಡ್ಡ ಬಂದರೆ ಕೈಗೆ ಗೊತ್ತಾಗಬೇಕು. ಹೆಡ್ ಇಳಿಸುವಾಗ, ಅಥವಾ ಕ್ಯಾಮ್ ಕೂರಿಸುವಾಗ, ಪಿಸ್ಟನ್‌ಗಳನ್ನು ತುದಿಗೆ ಇಡಬೇಡಿ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಟಿಡಿಸಿಯಿಂದ 90 ಡಿಗ್ರಿ ಹಿಂದಕ್ಕೆ ತಂದರೆ ನಾಲ್ಕೂ ಪಿಸ್ಟನ್ ನಡುವೆ ನಿಲ್ಲುತ್ತವೆ, ವಾಲ್ವ್ ಮುಟ್ಟುವ ಭಯ ಇಲ್ಲ. ಕ್ಯಾಮನ್ನು ಅದರ ಗುರುತಿಗೆ ತಂದ ಮೇಲೆ ಕ್ರ್ಯಾಂಕನ್ನು ನಿಧಾನವಾಗಿ ಟಿಡಿಸಿಗೆ ತನ್ನಿ.

ಕ್ರ್ಯಾಂಕ್ ಗುರುತು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಹೊರಗಿನ ಫ್ಯಾನ್ ಬೆಲ್ಟ್ ಪುಲ್ಲಿಯ ಮೇಲಿನ ಗುರುತು ಕರೆಂಟ್ ಟೈಮಿಂಗಿಗೆ ಇರಬಹುದು. ಒಳಗಿನ ಹಲ್ಲಿನ ಚಕ್ರದ ಗುರುತೇ ಬೆಲ್ಟಿಗೆ. ಇದು ಅದಲು ಬದಲಾದರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನ ಇಲ್ಲ.

ಬೆಲ್ಟ್ ಹಾಕುವಾಗ ಟೆನ್ಷನರ್ ಇಲ್ಲದ ಬದಿಯನ್ನು ಮೊದಲು ಬಿಗಿಯಾಗಿ ಕೂರಿಸಿ. ಎಂಜಿನ್ ಓಡುವಾಗ ಎಳೆಯುವ ಬದಿ ಅದೇ. ಅಲ್ಲಿ ಸಡಿಲ ಉಳಿದರೆ ಟೆನ್ಷನರ್ ಬಿಟ್ಟ ಕೂಡಲೇ ಕ್ಯಾಮ್ ಸ್ವಲ್ಪ ತಿರುಗಿ ಗುರುತು ತಪ್ಪುತ್ತದೆ. ಸಡಿಲ ಎಲ್ಲ ಟೆನ್ಷನರ್ ಬದಿಗೇ ಬರಬೇಕು.

ಈಗ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಸೆಲ್ಫ್ ಹೊಡೆಯಬೇಡಿ. ಕ್ರ್ಯಾಂಕ್ ಬೋಲ್ಟಿಗೆ ಪಾನ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ಪೂರಾ ಎರಡು ಸುತ್ತು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ಗಟ್ಟಿ ಅಡ್ಡ ಬಂದರೆ ಅಲ್ಲೇ ನಿಲ್ಲಿಸಿ. ಜೋರು ಮಾಡಿದರೆ ವಾಲ್ವ್ ಬಗ್ಗುತ್ತದೆ. ಎರಡು ಸುತ್ತು ಮುಗಿದಾಗ ಎಲ್ಲ ಗುರುತೂ ಮತ್ತೆ ಅದೇ ಜಾಗಕ್ಕೆ ಬರಬೇಕು. ಹೊಸ ಚೈನಿಗೆ ಬಣ್ಣದ ಕೊಂಡಿ ಇದ್ದರೆ ಅದು ಎರಡು ಸುತ್ತಿಗೆ ವಾಪಸ್ ಗುರುತಿಗೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಚಕ್ರಗಳ ಗುರುತನ್ನು.

ಈ ಎರಡು ಸುತ್ತಿಗೆ ಬೇಕಾದದ್ದು ಐದು ನಿಮಿಷ. ಸಂಜೆ ಮಗ್ರಿಬ್ ಆಗುತ್ತಾ ಬಂತು, ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ ಎಂದು ಈ ಐದು ನಿಮಿಷ ಉಳಿಸಿದವರು ಕಳೆದುಕೊಳ್ಳುವುದು ಐದು ದಿನ.

ಗುರುತನ್ನೇ ನಂಬಲು ಆಗದಿದ್ದರೆ

ಹಳೆಯ ಎಂಜಿನ್‌ಗಳಲ್ಲಿ ಗುರುತು ಸವೆದಿರುತ್ತದೆ. ಬೇರೆ ಗಾಡಿಯ ಚಕ್ರ ತಂದು ಹಾಕಿರುತ್ತಾರೆ. ಕ್ಯಾಮನ್ನು ಮತ್ತೆ ಗ್ರೈಂಡ್ ಮಾಡಿಸಿರುತ್ತಾರೆ. ಆಗ ಅಳತೆಯೇ ದಾರಿ. ಬೇಕಾದದ್ದು 360 ಡಿಗ್ರಿಯ ಒಂದು ತಟ್ಟೆ, ಒಂದು ಡಯಲ್ ಗೇಜ್, ಗಟ್ಟಿ ತಂತಿಯ ಒಂದು ಮುಳ್ಳು.

ತಟ್ಟೆಯನ್ನು ಕ್ರ್ಯಾಂಕಿಗೆ ಬಿಗಿದು ಅಂದಾಜಿನ ಟಿಡಿಸಿಗೆ ಸೊನ್ನೆ ಇಡಿ. ಪ್ಲಗ್ ತೂತಿನಲ್ಲಿ ಪಿಸ್ಟನ್ನನ್ನು ತುದಿಗೆ ಮೊದಲೇ ತಡೆಯುವ ಒಂದು ಬೋಲ್ಟ್ ಹಾಕಿ. ಕೈಯಲ್ಲಿ ಮೆಲ್ಲ ಒಂದು ಕಡೆ ತಿರುಗಿಸಿದಾಗ 30 ಡಿಗ್ರಿಯಲ್ಲಿ ತಾಗಿತು, ಇನ್ನೊಂದು ಕಡೆ ತಿರುಗಿಸಿದಾಗ 34ರಲ್ಲಿ ತಾಗಿತು ಎಂದುಕೊಳ್ಳಿ. ನಿಜವಾದ ತುದಿ ಇವುಗಳ ನಡುವೆ. ಮುಳ್ಳನ್ನು 2 ಡಿಗ್ರಿ ಸರಿಸಿದರೆ ಎರಡೂ ಕಡೆ 32 ಬರುತ್ತದೆ. ಈಗ ಸೊನ್ನೆ ನಿಜವಾದ ಸೊನ್ನೆ. ಕಣ್ಣಲ್ಲಿ ನೋಡಿ ತುದಿ ಹೇಳಲು ಆಗುವುದಿಲ್ಲ. ಅಲ್ಲಿ ಕ್ರ್ಯಾಂಕ್ ತಿರುಗಿದರೂ ಪಿಸ್ಟನ್ ಸ್ವಲ್ಪ ಹೊತ್ತು ನಿಂತ ಹಾಗೇ ಇರುತ್ತದೆ.

ಬೋಲ್ಟ್ ತೆಗೆದು ಒಂದನೇ ಸಿಲಿಂಡರಿನ ಗಾಳಿಯ ವಾಲ್ವಿಗೆ ಡಯಲ್ ಗೇಜ್ ಇಡಿ. ವಾಲ್ವ್ ಪೂರ್ತಿ ತೆರೆದ ಜಾಗ ನೋಡಿ. ಅದಕ್ಕೆ 1 ಮಿ.ಮೀ. ಮೊದಲು ಎಷ್ಟು ಡಿಗ್ರಿ, ಪೂರ್ತಿ ತೆರೆದು 1 ಮಿ.ಮೀ. ಇಳಿದಾಗ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ. ಟಿಡಿಸಿ ನಂತರ 70 ಮತ್ತು 146 ಬಂದರೆ ಕೂಡಿಸಿ ಅರ್ಧ ಮಾಡಿ: 108. ಕ್ಯಾಮಿನ ಉಬ್ಬಿನ ನಡು ಅದು. ಎಂಜಿನ್ ಪುಸ್ತಕದಲ್ಲಿ ಅಥವಾ ಕ್ಯಾಮ್ ಜೊತೆ ಬಂದ ಚೀಟಿಯಲ್ಲಿ ಎಷ್ಟಿದೆಯೋ ಅದಕ್ಕೆ ಹೋಲಿಸಿ. ರೇಸ್ ಎಂಜಿನ್ ಕಟ್ಟುವವರು ಪ್ರತಿ ಎಂಜಿನ್‌ಗೂ ಇದನ್ನೇ ಮಾಡುತ್ತಾರೆ. ತಾಲೂಕಿನ ಗ್ಯಾರೇಜಿಗೆ ದಿನಾ ಬೇಕಾದದ್ದಲ್ಲ. ಆದರೆ ಯಾರೂ ಹಿಡಿಯಲಾಗದ ತಪ್ಪನ್ನು ಹಿಡಿದು ಹೆಸರು ಮಾಡಲು ಇದೊಂದು ವಿದ್ಯೆ ಸಾಕು.

ಹೆಡ್ ಫೇಸಿಂಗ್ ಮತ್ತು ಟೈಮಿಂಗ್

ಎಂಜಿನ್ ಹೀಟ್ ಆಗಿ ಹೆಡ್ ಬಾಗಿದರೆ ಫೇಸಿಂಗ್ ಮಾಡಿಸುವುದು ರೂಢಿ. ಹುಬ್ಬಳ್ಳಿಗೋ ದಾವಣಗೆರೆಗೋ ಹೆಡ್ ಕಳುಹಿಸುತ್ತಾರೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಆದರೂ ಅದರ ಲೇತ್‌ಗಳ ಹೆಸರು ಈ ಭಾಗದ ವರ್ಕ್‌ಶಾಪುಗಳಲ್ಲಿ ಇನ್ನೂ ಮಾಸಿಲ್ಲ. ಫೇಸಿಂಗ್ ಆದ ಹೆಡ್ ಅಷ್ಟೇ ತೆಳ್ಳಗಾಗುತ್ತದೆ, ಹೆಡ್ಡಿನ ಮೇಲಿನ ಕ್ಯಾಮ್ ಅಷ್ಟೇ ಕ್ರ್ಯಾಂಕಿನ ಹತ್ತಿರ ಬರುತ್ತದೆ. ಆಗ ಎಳೆಯುವ ಬದಿಯ ಬೆಲ್ಟ್ ಉದ್ದ ಆದ ಹಾಗೆ ಆಗಿ ಕ್ಯಾಮ್ ತುಸು ಹಿಂದೆ ಬೀಳುತ್ತದೆ. ಅರ್ಧ ಮಿ.ಮೀ. ತೆಗೆದರೆ ಸಾಮಾನ್ಯ ಗಾತ್ರದ ಚಕ್ರದಲ್ಲಿ ಕ್ರ್ಯಾಂಕ್ ಲೆಕ್ಕಕ್ಕೆ ಸುಮಾರು 1 ಡಿಗ್ರಿ. ಅಷ್ಟಕ್ಕೆ ಗಾಡಿ ನಿಲ್ಲುವುದಿಲ್ಲ. ಆದರೆ ಎರಡು-ಮೂರು ಸಲ ಫೇಸಿಂಗ್ ಆಗಿ, ಜೊತೆಗೆ ಚೈನೂ ಹಿಗ್ಗಿದ್ದರೆ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಪಿಸ್ಟನ್ ಮತ್ತು ವಾಲ್ವಿನ ನಡುವಿನ ಜಾಗವೂ ಕಡಿಮೆ ಆಗುತ್ತದೆ. ಹಾಗಾಗಿ ಹೆಡ್ಡಿನಲ್ಲಿ ಎಷ್ಟು ತೆಗೆದಿರಿ ಎಂದು ಕೇಳಿ ಬಿಲ್ಲಿನಲ್ಲೇ ಬರೆಸಿಕೊಳ್ಳುವುದು ಜಾಣತನ. ಮುಂದೆ ಗಾಡಿ ಕೊಳ್ಳುವವನಿಗೂ ಅದು ನ್ಯಾಯ.

ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮಕ್ಕಳಿಗೆ

ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನನ್ನು ಗ್ಯಾರೇಜಿಗೆ ಹಾಕುವುದು ನಮ್ಮ ಕಡೆಯೂ ಉಂಟು, ಘಟ್ಟದ ಮೇಲೂ ಉಂಟು. ಕೆಲಸ ಕಲಿತು ಗಲ್ಫಿಗೆ ಹೋಗಿ ಮನೆ ನಿಲ್ಲಿಸಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನೋಡಿ ಕಲಿತದ್ದಕ್ಕೂ ಯಾಕೆ ಎಂದು ಗೊತ್ತಿದ್ದು ಕಲಿತದ್ದಕ್ಕೂ ವ್ಯತ್ಯಾಸ ಉಂಟು. ಗುರುತಿಗೆ ಗುರುತು ಕೂಡಿಸಲು ಯಾರೂ ಕಲಿಯಬಹುದು. ಗುರುತು ಇಲ್ಲದ ದಿನ ಏನು ಮಾಡಬೇಕು ಎಂದು ಹೇಳಲು ಲೆಕ್ಕ ಬೇಕು.

ಐಟಿಐಯ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷದ್ದು, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ರಾಜ್ಯದ 150 ಸರಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದನ್ನು 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಈಗಿನ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿದರೆ ಪಿ0016 ಎಂಬ ಕೋಡ್ ಬರುವುದುಂಟು. ಕ್ರ್ಯಾಂಕ್ ಸೆನ್ಸರ್ ಹೇಳುವುದೂ ಕ್ಯಾಮ್ ಸೆನ್ಸರ್ ಹೇಳುವುದೂ ತಾಳೆ ಆಗುತ್ತಿಲ್ಲ ಎಂದು ಅದರ ಅರ್ಥ. ಕೋಡ್ ನೋಡಿ ಸೆನ್ಸರ್ ಬದಲಿಸುವವನು ಒಬ್ಬ, ಚೈನ್ ಹಿಗ್ಗಿದೆಯಾ ಎಂದು ನೋಡುವವನು ಇನ್ನೊಬ್ಬ. ಎರಡನೆಯವನಿಗೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ.

ಗಾಡಿ ಕೊಡುವವರು ಕೇಳಬೇಕಾದದ್ದು

ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರಿಗೂ ಕೇಳುವ ಹಕ್ಕು ಉಂಟು. ಕೇಳುವುದು ಅವಮಾನ ಅಲ್ಲ. ಒಳ್ಳೆಯ ಮಿಸ್ತ್ರಿ ಇಂಥ ಪ್ರಶ್ನೆಗೆ ಸಂತೋಷ ಪಡುತ್ತಾನೆ.

* ಬೆಲ್ಟ್ ಹಾಕಿ ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಆಯಿತು? ರಬ್ಬರು ಓಡದಿದ್ದರೂ ಹಳತಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಬೆಲ್ಟಿನ ಲೆಕ್ಕ ಸಿಗದಿದ್ದರೆ ಹೊಸತು ಹಾಕಿಸಿಯೇ ಘಟ್ಟ ಹತ್ತಿ.
* ಬೆಲ್ಟ್ ಜೊತೆ ಟೆನ್ಷನರ್ ಬೇರಿಂಗ್ ಬದಲಿಸಿದ್ದೀರಾ? ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುವ ಗಾಡಿಯಾದರೆ ಅದನ್ನೂ ನೋಡಿದ್ದೀರಾ? ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹೋಗುತ್ತದೆ.
* ಎಣ್ಣೆ ಸೀಲ್ ಸೋರುತ್ತಿಲ್ಲವಲ್ಲ? ಎಣ್ಣೆ ಬಿದ್ದ ಬೆಲ್ಟ್ ಬಾಳುವುದಿಲ್ಲ.
* ಹೆಡ್ಡಿನಲ್ಲಿ ಎಷ್ಟು ಫೇಸಿಂಗ್ ತೆಗೆದಿರಿ?
* ಕವರ್ ಮುಚ್ಚುವ ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ನೋಡಿದ್ದೀರಾ? ಸಾಧ್ಯವಾದರೆ ಆ ಹೊತ್ತಿಗೆ ಹತ್ತಿರ ನಿಂತು ನೋಡಿ, ಮೊಬೈಲಿನಲ್ಲಿ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ.

ಚೈನಿನ ಗಾಡಿ ಇರುವವರಿಗೆ ಒಂದು ಮಾತು. "ಚೈನ್ ಲೈಫ್ ಲಾಂಗ್" ಎಂಬುದು ಎಂಜಿನ್ ಎಣ್ಣೆ ಸರಿಯಾದ ಹೊತ್ತಿಗೆ ಬದಲಿಸಿದವರಿಗೆ ಮಾತ್ರ ಹೇಳಿದ ಮಾತು. ಟೆನ್ಷನರ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದಿನಿಂದ ಗಲಗಲ ಸದ್ದು ಕೆಲವು ಸೆಕೆಂಡ್ ಬಂದು ನಿಂತರೆ ರೇಡಿಯೊ ಜೋರು ಮಾಡಬೇಡಿ, ಗ್ಯಾರೇಜಿಗೆ ಹೋಗಿ.

ಮಳೆಗಾಲದ ರಾತ್ರಿ, ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ಉಮ್ಮ ಇರುವಾಗ ಗಾಡಿ ದೇವಿಮನೆಯ ತಿರುವಿನಲ್ಲಿ ನಿಲ್ಲಬಾರದು. ಅದಕ್ಕೆ ಬೇಕಾದದ್ದು ದುಬಾರಿ ಪಾರ್ಟ್ ಅಲ್ಲ. ಸರಿಯಾದ ಹಲ್ಲಿಗೆ ಕೂತ ಒಂದು ಬೆಲ್ಟ್, ಅದನ್ನು ಎರಡು ಸಲ ನೋಡಿದ ಒಬ್ಬ ಮಿಸ್ತ್ರಿ.